ಅಮ್ಮನ ಗಡ್ಡೆಯನ್ನು ಲ್ಯಾಬ್‌ನಲ್ಲಿ ಬೆಳೆಸಿ ಔಷಧ ಆರಿಸಬಹುದೇ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಹೋದ ತಿಂಗಳು ಆಪರೇಷನ್ ಆಯಿತು. ಅಕ್ಕಪಕ್ಕದ ಲಿಂಫ್ ಗ್ರಂಥಿಗಳಿಗೂ ಹರಡಿದೆ, ಕೀಮೋ ಬೇಕು ಎಂದಿದ್ದಾರೆ. ರೋಗಿಯ ಗಡ್ಡೆಯನ್ನೇ ಲ್ಯಾಬ್‌ನಲ್ಲಿ ಬೆಳೆಸಿ, ಯಾವ ಔಷಧ ಕೆಲಸ ಮಾಡುತ್ತದೆ ಎಂದು ನೋಡುತ್ತಾರಂತೆ. ಬಯಾಪ್ಸಿ ಬ್ಲಾಕ್ (ಮೇಣದಲ್ಲಿ ಕೂರಿಸಿದ ಗಡ್ಡೆಯ ತುಂಡು) ನಮ್ಮ ಹತ್ತಿರವೇ ಇದೆ. ಅದನ್ನು ಕಳಿಸಿ, ವರದಿ ಬರುವವರೆಗೆ ಕೀಮೋ ಮುಂದೂಡಬಹುದೇ?
– ಓದುಗರು, ಮೂಡಿಗೆರೆ

ಉತ್ತರ: ದಯವಿಟ್ಟು ಮುಂದೂಡಬೇಡಿ. ಆಪರೇಷನ್ ಆಗಿ ಸುಮಾರು 8 ವಾರದೊಳಗೆ ಕೀಮೋ ಶುರುವಾದರೆ ಒಳ್ಳೆಯದು. ಅದು ದಾಟಿದಷ್ಟೂ ಲಾಭ ಕಡಿಮೆ.

ನೀವು ಕೇಳಿದ್ದು ಸುಳ್ಳಲ್ಲ. ಇಂಥ ಪುಟಾಣಿ ಗಡ್ಡೆಗೆ ಆರ್ಗನಾಯ್ಡ್ ಎನ್ನುತ್ತಾರೆ. 2009ರಲ್ಲಿ ನೆದರ್ಲೆಂಡ್ಸ್‌ನಲ್ಲಿ ತೋಶಿರೊ ಸಾಟೊ, ಹಾನ್ಸ್ ಕ್ಲೆವರ್ಸ್ ಮತ್ತು ಜೊತೆಗಾರರು ಇಲಿಯ ಕರುಳಿನ ಒಂದೊಂದು ಕಾಂಡಕೋಶದಿಂದಲೇ (ಬೇರೆ ಕೋಶಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್) ಪುಟ್ಟ ಕರುಳು ಬೆಳೆಸಿ ತೋರಿಸಿದರು. ಆಮೇಲೆ ಮನುಷ್ಯರ ಗಡ್ಡೆಯನ್ನೂ ಬೆಳೆಸಿದರು. ಮೊದಲೆಲ್ಲ ಗಾಜಿನ ತಟ್ಟೆಯ ತಳದಲ್ಲಿ ಕೋಶಗಳು ತೆಳುವಾಗಿ ಹರಡಿಕೊಳ್ಳುತ್ತಿದ್ದವು, ಔಷಧ ಎಲ್ಲಕ್ಕೂ ಸುಲಭವಾಗಿ ತಾಗುತ್ತಿತ್ತು. ದೇಹದಲ್ಲಿ ಹಾಗಲ್ಲ, ಅಲ್ವಾ? ಗಡ್ಡೆ ಒತ್ತಾಗಿರುತ್ತದೆ, ಒಳಗಿನವರೆಗೆ ಔಷಧ ಇಳಿಯುವುದು ಕಷ್ಟ. ಜೆಲ್‌ನೊಳಗೆ ಉಂಡೆಯಾಗಿ ಬೆಳೆಸಿದರೆ ಅದು ನಿಜವಾದ ಗಡ್ಡೆಗೆ ಹತ್ತಿರವಾಗುತ್ತದೆ. 2018ರಲ್ಲಿ ಬಂದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಆರ್ಗನಾಯ್ಡ್ 'ಈ ಔಷಧ ನಡೆಯುವುದಿಲ್ಲ' ಎಂದಾಗ ಪ್ರತಿ ಸಲವೂ ಸರಿಯಾಗಿತ್ತು. 'ನಡೆಯುತ್ತದೆ' ಎಂದಾಗ ಶೇ 88ರಷ್ಟು ಸರಿ. ಆದರೆ ಆ ರೋಗಿಗಳ ಸಂಖ್ಯೆ ಚಿಕ್ಕದು. ಜೊತೆಗೆ ಸಾಮಾನ್ಯ ಆರ್ಗನಾಯ್ಡ್‌ನಲ್ಲಿ ರಕ್ತನಾಳವಿಲ್ಲ, ರೋಗನಿರೋಧಕ ಕೋಶಗಳಿಲ್ಲ. ಅವನ್ನೂ ಸೇರಿಸಿ ಬೆಳೆಸುವ ಕೆಲಸ ಈಗ ನಡೆಯುತ್ತಿದೆ. ಹೊಸ ಔಷಧಗಳ ಪರೀಕ್ಷೆಗೆ ಇಂಥ ಮಾದರಿಗಳನ್ನು ಬಳಸಲು ನಮ್ಮ ದೇಶದ ನಿಯಮವೂ 2023ರಿಂದ ಒಪ್ಪುತ್ತದೆ. ನನಗೆ ಇದರ ಮೇಲೆ ತುಂಬಾ ಭರವಸೆ ಇದೆ. ಆದರೂ ಅಮ್ಮನ ಕೀಮೋ ನಿರ್ಧರಿಸುವಷ್ಟು ಇದಿನ್ನೂ ಗಟ್ಟಿಯಾಗಿಲ್ಲ.

ನಿಮ್ಮ ಹತ್ತಿರ ಇರುವ ಬ್ಲಾಕ್ ಇದಕ್ಕೆ ಬರುವುದೂ ಇಲ್ಲ. ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಕೂರಿಸಿದ ಕೋಶಗಳು ಸತ್ತಿರುತ್ತವೆ. ಬೆಳೆಸಲು ಆಪರೇಷನ್ ಅಥವಾ ಬಯಾಪ್ಸಿಯಲ್ಲಿ ತೆಗೆದ, ಕೋಶಗಳು ಜೀವಂತವಾಗಿರುವ ಹಸಿ ತುಂಡು ಬೇಕು.

ಹಾಗಂತ ಬ್ಲಾಕ್ ಸುಮ್ನೆ ಇಡಬೇಡಿ. ಅದರಲ್ಲಿ ಎಂಎಂಆರ್ ಪರೀಕ್ಷೆ (ಡಿಎನ್‌ಎಯ ತಪ್ಪು ತಿದ್ದುವ ಪ್ರೋಟೀನ್‌ಗಳು ಗಡ್ಡೆಯಲ್ಲಿ ಇವೆಯೇ ಎಂದು ನೋಡುವುದು) ಆಗಿದೆಯೇ ಎಂದು ಡಾಕ್ಟರನ್ನು ಕೇಳಿ. ಅದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗಬಹುದು, ಮನೆಯ ಉಳಿದವರಿಗೂ ತಪಾಸಣೆ ಬೇಕೇ ಎಂದು ತಿಳಿಯಬಹುದು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಬ್ಲಾಕ್, ರಿಪೋರ್ಟ್ ಎರಡೂ ಒಯ್ಯಿರಿ. ಅಲ್ಲಿಯವರೆಗೆ ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ, ಮೇಣ ಕರಗುತ್ತದೆ.