‘ಮೇಕ್’ ನಡುದಾರಿಯಲ್ಲಿ ನಿಂತಾಗ

ಪ್ರಶ್ನೆ: ಉಬುಂಟು (ಲಿನಕ್ಸ್) ಇರುವ ಡೆಸ್ಕ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರನ್ನು ಸೋರ್ಸ್‌ನಿಂದ, ಅಂದರೆ ಮೂಲ ಕೋಡನ್ನು ನಾನೇ ಪ್ರೋಗ್ರಾಂ ಆಗಿಸಿಕೊಂಡು (ಕಂಪೈಲ್ ಮಾಡಿ), ಹಾಕಲು ಹೊರಟೆ. ಬೇಕಾದುದೆಲ್ಲ ಇದೆಯೇ ಎಂದು ನೋಡುವ ‘ಕಾನ್ಫಿಗರ್’ ತಕರಾರಿಲ್ಲದೆ ಮುಗಿಯಿತು. ಕಂಪೈಲ್ ನಡೆಸುವ ‘ಮೇಕ್’ ಕೊಟ್ಟರೆ ನೂರಾರು ಸಾಲು ಓಡಿ ‘ಎರರ್ 2’ ಎಂದು ನಿಲ್ಲುತ್ತದೆ. ಮೇಲೆಲ್ಲೋ ‘ಝಡ್‌ಲಿಬ್ ಡಾಟ್ ಎಚ್’ ಫೈಲ್ ಇಲ್ಲ ಎಂದಿದೆ. ಪ್ಯಾಕೇಜುಗಳನ್ನು ಹಾಕುವ ಆಪ್ಟ್ ಕೇಳಿದರೆ ಝಡ್‌ಲಿಬ್ ಆಗಲೇ ಇದೆ ಎನ್ನುತ್ತದೆ!
– ಓದುಗರು, ಅರಸೀಕೆರೆ

ಉತ್ತರ: ಮೇಕ್, ಆಪ್ಟ್ ಇಬ್ಬರೂ ಹೇಳುತ್ತಿರುವುದು ನಿಜ. ಉಬುಂಟು, ಡೆಬಿಯನ್‌ಗಳಲ್ಲಿ ಇಂಥ ಲೈಬ್ರರಿಗಳು (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಎರಡು ಪ್ಯಾಕೇಜುಗಳಾಗಿ ಬರುತ್ತವೆ. ಸಿದ್ಧ ಪ್ರೋಗ್ರಾಂ ಓಡಲು ‘ಝಡ್‌ಲಿಬ್1ಜಿ’ ಸಾಕು, ನಿಮ್ಮಲ್ಲಿರುವುದು ಅದು. ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲು, ಅಂದರೆ ಆ ‘ಡಾಟ್ ಎಚ್’, ‘ಝಡ್‌ಲಿಬ್1ಜಿ-ಡೆವ್’ನಲ್ಲಿದೆ. ‘ಸುಡೊ ಆಪ್ಟ್ ಇನ್‌ಸ್ಟಾಲ್’ ಮುಂದೆ ಆ ಹೆಸರು ಕೊಡಿ. ಆಮೇಲೆ ಹಳೆಯದನ್ನು ಗುಡಿಸಲು ‘ಮೇಕ್ ಡಿಸ್ಟ್‌ಕ್ಲೀನ್’ ಮಾಡಿ ಕಾನ್ಫಿಗರ್‌ನಿಂದಲೇ ಮತ್ತೆ ಶುರುಮಾಡಿ. ಬೇಕಾದುದನ್ನೆಲ್ಲ ಮೊದಲೇ ಪರೀಕ್ಷಿಸದ ಕಾನ್ಫಿಗರ್ ಸ್ಕ್ರಿಪ್ಟುಗಳು ಬೇಕಾದಷ್ಟಿವೆ. ಬರೆದವರ ಸೋಮಾರಿತನಕ್ಕೆ ದಂಡ ಕಟ್ಟುವವರು ನಾವು.

‘ಎರರ್ 2’ ಎಂದರೆ ಮೇಕ್ ಕೈಚೆಲ್ಲಿತು ಎಂದಷ್ಟೇ. ಕಾರಣ ಇರುವುದು ಮೊದಲು ಬಂದ ಎರರ್‌ನಲ್ಲಿ. ‘-ಜೆ4’ ಹಾಕಿ ನಾಲ್ಕು ಕೆಲಸ ಒಟ್ಟಿಗೆ ಓಡಿಸಿದ್ದರೆ ಸಾಲುಗಳು ಕಲಸಿಹೋಗಿರುತ್ತವೆ. ಅದನ್ನು ಬಿಟ್ಟು ಬರೀ ‘ಮೇಕ್’ ಕೊಡಿ. ನಿಂತ ಜಾಗ ನಿಚ್ಚಳವಾಗಿ ಕಾಣುತ್ತದೆ.

ಯಾವ ಹೆಡರ್ ಯಾವ ಪ್ಯಾಕೇಜಿನದು ಎಂದು ತಿಳಿಯದಿದ್ದಾಗ ‘ಆಪ್ಟ್-ಫೈಲ್’ ಹಾಕಿಕೊಂಡು, ‘ಸುಡೊ ಆಪ್ಟ್-ಫೈಲ್ ಅಪ್‌ಡೇಟ್’ ಮಾಡಿ, ‘ಆಪ್ಟ್-ಫೈಲ್ ಸರ್ಚ್’ ಮುಂದೆ ಫೈಲಿನ ಹೆಸರು ಕೊಡಿ. ಅಪ್‌ಡೇಟ್ ದೊಡ್ಡ ಪಟ್ಟಿಯನ್ನೇ ಇಳಿಸಿಕೊಳ್ಳುತ್ತದೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿದ್ದರೆ ಡೇಟಾ ನೋಡಿಕೊಳ್ಳಿ.

ಪ್ರಶ್ನೆ: ಮಳೆಗೆ ಮೂರು ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ಅರ್ಧಕ್ಕೆ ಬಿಟ್ಟಿದ್ದ ಕಂಪೈಲ್ ಮುಂದುವರಿಸಿದರೆ ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್’ (ಗಡಿಯಾರದಲ್ಲಿ ವ್ಯತ್ಯಾಸ) ಎಂದು ಬರುತ್ತಿದೆ. ಆಪ್ಟ್ ಅಪ್‌ಡೇಟ್ ಕೂಡ ಆಗುತ್ತಿಲ್ಲ.
– ಓದುಗರು, ಮೂಡಿಗೆರೆ

ಉತ್ತರ: ಪರದೆಯ ಮೂಲೆಯ ತಾರೀಖು ನೋಡಿ, ತುಂಬ ಹಿಂದಿರಬಹುದು. ಹಾಗಿದ್ದರೆ ಮದರ್‌ಬೋರ್ಡಿನ ಸೆಲ್ ಸತ್ತಿದೆ. ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಕಂಪ್ಯೂಟರ್ ಆಫ್ ಆಗಿದ್ದರೂ ಒಳಗಿನ ಗಡಿಯಾರ ಅದರಿಂದಲೇ ನಡೆಯುತ್ತದೆ. ಕರೆಂಟ್ ಹೋದಾಗ ಮಾತ್ರ ಸೆಲ್ಲಿನ ಸರದಿ. ಮಲೆನಾಡಿನ ಮಳೆಗಾಲದಲ್ಲಿ ಅದು ಬೇಗ ಸವೆಯುವುದು ಹೀಗೆ.

ಬದಲಾದ ಫೈಲುಗಳನ್ನಷ್ಟೇ ಮೇಕ್ ಮತ್ತೆ ಕಂಪೈಲ್ ಮಾಡುತ್ತದೆ. ಯಾವುದು ಬದಲಾಗಿದೆ ಎಂದು ತಿಳಿಯಲು ಅದು ನೋಡುವುದು ಫೈಲುಗಳ ಸಮಯವನ್ನು. ಗಡಿಯಾರ ಹಿಂದೆ ಹೋದರೆ ನಿನ್ನೆಯ ಫೈಲುಗಳೆಲ್ಲ ನಾಳೆಯವಾಗುತ್ತವೆ, ಲೆಕ್ಕ ತಪ್ಪುತ್ತದೆ. ಆಪ್ಟ್‌ಗೂ ಅದೇ ಗೊಂದಲ: ಸರ್ವರಿನ ಪಟ್ಟಿ ಇನ್ನೂ ಜಾರಿಗೇ ಬಂದಿಲ್ಲ ಎಂದುಕೊಂಡು ತಿರಸ್ಕರಿಸುತ್ತದೆ.

ಬೇಕಾದ್ದು ಸಿಆರ್2032, 3 ವೋಲ್ಟಿನ ಸೆಲ್. ಹಲವು ಕಾರುಗಳ ರಿಮೋಟ್ ಕೀಗೂ ಇದೇ. ಸೆಲ್ ಹೋದಾಗ ಬಯೋಸ್ (ಕಂಪ್ಯೂಟರ್ ಶುರುವಾದೊಡನೆ ಓಡುವ ತಂತ್ರಾಂಶ) ಸೆಟ್ಟಿಂಗುಗಳೂ ಮೂಲಸ್ಥಿತಿಗೆ ಮರಳಬಹುದು; ಡಿಸ್ಕಿನ ಜೊತೆ ಮಾತಾಡುವ ಬಗೆ ಹೇಳುವ ಸಾಟಾ ಮೋಡ್ ಬದಲಾದರೆ ಕಂಪ್ಯೂಟರ್ ಬೂಟ್ ಆಗದೆ ಕೂರಬಹುದು, ಹಾಗಾಗಿ ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಪ್ಲಗ್ ಕಿತ್ತು, ಪ್ಲಸ್ ಗುರುತು ಮೇಲೆ ಬರುವಂತೆ ಹೊಸ ಸೆಲ್ ಕೂರಿಸಿ. ತಾರೀಖು ಸರಿಮಾಡಿದ ಮೇಲೆ ಹಳೆಯ ಫೋಲ್ಡರ್ ಅಳಿಸಿ, ಸೋರ್ಸ್ ಕಟ್ಟಿಟ್ಟಿರುವ ಟಾರ್ ಫೈಲನ್ನು ಹೊಸದಾಗಿ ಬಿಚ್ಚಿ. ಅರ್ಧ ಬೆಂದದ್ದನ್ನು ಉಳಿಸಿಕೊಳ್ಳಲು ಹೆಣಗಬೇಡಿ.

ಪ್ರಶ್ನೆ: ಸೋರ್ಸ್‌ನಿಂದ ಇನ್‌ಸ್ಟಾಲ್ ಎಲ್ಲ ಆಯಿತು. ಪ್ರೋಗ್ರಾಂ ತೆರೆದರೆ ‘ಶೇರ್ಡ್ ಲೈಬ್ರರಿ’ ಸಿಗುತ್ತಿಲ್ಲ ಎನ್ನುತ್ತದೆ.
– ಓದುಗರು, ಬೇಲೂರು

ಉತ್ತರ: ಲೈಬ್ರರಿ ಹೋಗಿ ಕೂತಿರುವುದು ‘ಯುಎಸ್ಆರ್’ ಒಳಗಿನ ‘ಲೋಕಲ್’ನ ‘ಲಿಬ್’ ಫೋಲ್ಡರಿನಲ್ಲಿ. ಸಿಸ್ಟಮ್ಮಿನ ಪಟ್ಟಿಗೆ ಅದಿನ್ನೂ ಸೇರಿಲ್ಲ. ‘ಸುಡೊ ಎಲ್‌ಡಿಕಾನ್ಫಿಗ್’ ಎಂದು ಒಮ್ಮೆ ಕೊಡಿ. ಆಮೇಲೂ ಸಿಗದಿದ್ದರೆ ‘ಎಲ್‌ಡಿಡಿ’ ಮುಂದೆ ಪ್ರೋಗ್ರಾಂನ ಪೂರ್ತಿ ದಾರಿ ಕೊಟ್ಟು, ‘ನಾಟ್ ಫೌಂಡ್’ ಎಂದಿರುವ ಹೆಸರು ಯಾವುದು ನೋಡಿ.