ತುಮಕೂರಿನಲ್ಲಿ ಕಟ್ಟಿದ ಮನೆ ಕೊಳ್ಳಲು ಪಾಲಿಕೆಯಿಂದ ಹಣ ಸಿಗುತ್ತದೆಯೇ?

ವಸಂತನರಸಾಪುರದ ಕಾರ್ಖಾನೆಯಲ್ಲಿ ದುಡಿಯುವ, ತಿಂಗಳಿಗೆ 28 ಸಾವಿರ ರೂಪಾಯಿ ವರಮಾನವಿರುವ ತಾವು, ಕ್ಯಾತ್ಸಂದ್ರದ ಬಳಿ 24 ಲಕ್ಷಕ್ಕೆ ಮಾರಾಟಕ್ಕಿರುವ ಹಳೆಯ ಮನೆಯನ್ನು ಕೊಳ್ಳಲು ಪಾಲಿಕೆಯಿಂದಲೋ ಸರ್ಕಾರದಿಂದಲೋ ನೆರವು ದೊರೆಯುವುದೇ ಎಂದು ಕೇಳಿದ್ದೀರಿ. ಪಾಲಿಕೆಯಿಂದ ದೊರೆಯುವ ನಿರೀಕ್ಷೆ ಬೇಡ. ಕೇಂದ್ರದ ಯೋಜನೆಯಲ್ಲಿ ಬಡ್ಡಿ ಸಹಾಯಧನ ದೊರೆಯಬಹುದು, ಆದರೆ ಅದು ಮುಂಗಡಕ್ಕೆ ಒದಗುವ ಹಣವಲ್ಲ. ತುಮಕೂರಿನಲ್ಲಿ ಬಹಳ ಕಾಲದಿಂದ ಪತ್ರ ಬರಹಗಾರನಾಗಿರುವ ನನ್ನ ಬಳಿಗೆ ಈ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಬರುತ್ತದೆ.

ಪಾಲಿಕೆಯ ಬಳಿ ಬಡವರಿಗೆಂದೇ ತೆಗೆದಿರಿಸುವ ಹಣ ಇಲ್ಲವೆಂದಲ್ಲ. ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗಾಗಿ ಶೇ 24.10, ಇತರ ಬಡವರಿಗಾಗಿ ಶೇ 7.25 ಮತ್ತು ಅಂಗವಿಕಲರಿಗಾಗಿ ಶೇ 5ರಷ್ಟು ಹಣವನ್ನು ಮೀಸಲಿಡಬೇಕು. ಆದರೆ ಮನೆಯ ವಿಷಯದಲ್ಲಿ ಆ ನಿಧಿ ಹೆಚ್ಚಾಗಿ ದುರಸ್ತಿಗೆ, ಶೌಚಾಲಯಕ್ಕೆ ಹೋಗುತ್ತದೆಯೇ ಹೊರತು ಇನ್ನೊಬ್ಬರ ಮನೆಯ ಕ್ರಯಕ್ಕಲ್ಲ. 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಬರುವ ಸಹಾಯಧನವೂ ಸ್ವಂತ ನಿವೇಶನದಲ್ಲಿ ಕಟ್ಟಿಕೊಳ್ಳುವವರಿಗೆ, ತಳಪಾಯ, ಗೋಡೆ, ಛಾವಣಿ ಎಂದು ಹಂತಹಂತವಾಗಿ ಬಿಡುಗಡೆಯಾಗುತ್ತದೆ. ಬಸ್ಸು ಹೋಗದ ಕಡೆ ಹೊಸ ಸಮುಚ್ಚಯ ಕಟ್ಟುವುದಕ್ಕಿಂತ, ಊರೊಳಗೆ ಬೀಗ ಜಡಿದುಕೊಂಡಿರುವ ಮನೆಗಳನ್ನು ಕೊಳ್ಳಲು ಬಡವರಿಗೆ ನೆರವಾಗುವುದು ಎಷ್ಟೋ ಮೇಲೆಂಬುದು ನನ್ನ ಅಭಿಪ್ರಾಯ. ಅದನ್ನು ಕೇಳುವವರು ಯಾರೂ ಇಲ್ಲ, ಇರಲಿ.

ನಿಮಗೆ ಅನ್ವಯಿಸುವುದು 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಪ್ರಧಾನ ಮಂತ್ರಿ ಆವಾಸ್ ಯೋಜನೆ ನಗರ 2.0ರ ಬಡ್ಡಿ ಸಹಾಯಧನ. ನಿಮ್ಮ ವಾರ್ಷಿಕ ವರಮಾನ 3 ಲಕ್ಷ 36 ಸಾವಿರವಾಗುವುದರಿಂದ ನೀವು 3ರಿಂದ 6 ಲಕ್ಷದ ಕಡಿಮೆ ಆದಾಯ ವರ್ಗಕ್ಕೆ ಸೇರುತ್ತೀರಿ. ಹೆಂಡತಿಗೂ ವರಮಾನವಿದ್ದರೆ ಅದನ್ನೂ ಕೂಡಿಸಬೇಕು. ಮನೆಯ ಬೆಲೆ 35 ಲಕ್ಷವನ್ನೂ ಸಾಲ 25 ಲಕ್ಷವನ್ನೂ ಮೀರಬಾರದು, ಕುಟುಂಬದ ಯಾರ ಹೆಸರಿನಲ್ಲಿಯೂ ದೇಶದ ಯಾವ ಊರಿನಲ್ಲಿಯೂ ಪಕ್ಕಾ ಮನೆ ಇರಬಾರದು. ಇಷ್ಟಾದರೆ ಸಾಲದ ಮೊದಲ 8 ಲಕ್ಷಕ್ಕೆ, ಗರಿಷ್ಠ 12 ವರ್ಷಗಳ ಅವಧಿಗೆ ಲೆಕ್ಕ ಹಾಕಿ, ಶೇ 4ರ ಸಹಾಯಧನ ದೊರೆಯುತ್ತದೆ. ಒಟ್ಟು ಮೊತ್ತ ಹೆಚ್ಚೆಂದರೆ 1 ಲಕ್ಷ 80 ಸಾವಿರ. ಅದು ವರ್ಷಕ್ಕೊಂದರಂತೆ ಐದು ಕಂತುಗಳಲ್ಲಿ ಬರುತ್ತದೆ. ಪ್ರತಿ ಕಂತಿನ ವೇಳೆಗೂ ಸಾಲ ಚಾಲ್ತಿಯಲ್ಲಿದ್ದು ಅಸಲಿನ ಅರ್ಧಕ್ಕಿಂತ ಹೆಚ್ಚು ಬಾಕಿ ಇರಬೇಕೆಂಬ ಷರತ್ತನ್ನು ಮರೆತು, ಊರಿನ ಜಮೀನು ಮಾರಿದ ಹಣದಿಂದ ಸಾಲವನ್ನು ಬೇಗ ತೀರಿಸಿಬಿಟ್ಟರೆ ಉಳಿದ ಕಂತುಗಳು ಕೈತಪ್ಪುತ್ತವೆ.

ಕೈಯಿಂದ ಹಾಕಬೇಕಾದ ಹಣವೇ ನಿಜವಾದ ಕಷ್ಟ. 30 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಆಸ್ತಿಯ ಮೌಲ್ಯದ ಶೇ 90ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಆ ಮೌಲ್ಯವೂ ಮಾರುವವರು ಹೇಳಿದ 24 ಲಕ್ಷವಲ್ಲ, ಬ್ಯಾಂಕಿನ ಮೌಲ್ಯಮಾಪಕರು ಹಾಕಿದ್ದು. ಅದೂ ಅಲ್ಲದೆ, ಶೇ 8.5ರ ಬಡ್ಡಿಗೆ 20 ವರ್ಷದ ಅವಧಿಗೆ 14 ಲಕ್ಷ ಪಡೆದರೇ ಮಾಸಿಕ ಕಂತು 12 ಸಾವಿರ ದಾಟುತ್ತದೆ. ನಿಮ್ಮ ಸಂಬಳಕ್ಕೆ ಅದಕ್ಕಿಂತ ಹೆಚ್ಚಿನ ಸಾಲ ಭಾರವೇ. ಹಾಗಾಗಿ ಉಳಿದ ಹತ್ತು ಲಕ್ಷ, ಮೇಲೆ ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ, ಎಲ್ಲಿಂದ ಬರಬೇಕೆಂಬುದನ್ನು ಮೊದಲು ಯೋಚಿಸಿ.

ಇದಕ್ಕಿಂತ ಅಗ್ಗದ ಮನೆ ಹುಡುಕಲು ಹೊರಟರೆ ನಿಮ್ಮ ಕಣ್ಣಿಗೆ ಮೊದಲು ಬೀಳುವುದು ಬಡವರಿಗೆಂದು ಸರ್ಕಾರ ಕೊಟ್ಟಿರುವ ಆಶ್ರಯ ಮನೆಗಳು. ಹಕ್ಕುಪತ್ರದಲ್ಲಿ ನಿಗದಿಪಡಿಸಿದ ಅವಧಿ ಮುಗಿಯುವವರೆಗೆ ಅವುಗಳನ್ನು ಪರಭಾರೆ ಮಾಡುವಂತಿಲ್ಲ. ಆದರೂ ಛಾಪಾ ಕಾಗದದ ಮೇಲೆ ಕರಾರು ಬರೆಸಿ, ನೋಟರಿಯ ಮುದ್ರೆ ಹಾಕಿಸಿ ಕೈ ಬದಲಾಗುತ್ತಲೇ ಇವೆ. ನನಗೆ ಪರಿಚಯದ ಒಂದು ಕುಟುಂಬ ಹೀಗೆಯೇ ಪೂರ್ಣ ಹಣ ಕೊಟ್ಟು ವಾಸವಾಯಿತು. ಮಗಳ ಓದಿಗಾಗಿ ಆ ಮನೆಯ ಮೇಲೆ ಸಾಲ ಕೇಳಲು ಹೋದಾಗ, ಖಾತೆ ಇನ್ನೂ ಮೂಲ ಫಲಾನುಭವಿಯ ಹೆಸರಿನಲ್ಲೇ ಇದ್ದುದರಿಂದ ಬ್ಯಾಂಕು ಅರ್ಜಿಯನ್ನೇ ಮುಟ್ಟಲಿಲ್ಲ. ಅಷ್ಟು ಹೊತ್ತಿಗೆ ಆ ಫಲಾನುಭವಿ ತೀರಿಕೊಂಡಿದ್ದರು, ಅವರ ಮಕ್ಕಳು ಸಹಿ ಹಾಕಲು ಬೇರೆಯೇ ಬೆಲೆ ಹೇಳಿದರು. ಇಂತಹ ಮನೆಗೆ ಬಡ್ಡಿ ಸಹಾಯಧನದ ಮಾತೇ ಏಳುವುದಿಲ್ಲ, ಏಕೆಂದರೆ ಸಾಲವೇ ಹುಟ್ಟುವುದಿಲ್ಲ.

ಆದ್ದರಿಂದ ಮುಂಗಡ ಕೊಡುವ ಮೊದಲು ಮಾರುವವರ ಕ್ರಯಪತ್ರ, ಇ-ಖಾತೆ, ಕಂದಾಯ ರಸೀದಿಗಳನ್ನು ಪಡೆದು ಬ್ಯಾಂಕಿನ ವಕೀಲರಿಗೆ ತೋರಿಸಿ. ಆಸ್ತಿಯ ಹಿಂದಿನ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರವನ್ನು (ಇ.ಸಿ.) 30 ವರ್ಷಕ್ಕೆ ತೆಗೆಸಿ. 2004ಕ್ಕಿಂತ ಹಿಂದಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗದಿದ್ದರೆ ಉಪನೋಂದಣಿ ಕಚೇರಿಗೇ ಅರ್ಜಿ ಕೊಡಬೇಕು. ಕ್ರಯದ ಕರಾರಿನಲ್ಲಿ, ಬ್ಯಾಂಕು ದಾಖಲೆಗಳ ದೋಷದಿಂದ ಸಾಲ ನಿರಾಕರಿಸಿದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸಬೇಕೆಂಬ ಒಂದು ಸಾಲನ್ನು ತಪ್ಪದೆ ಬರೆಸಿರಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಆ ಮನೆಯನ್ನು ಬಿಟ್ಟುಬಿಡಿ.