ತೆರೆಯ ಬಲಮೂಲೆಯ ಆ ಗುಂಡು ಚುಕ್ಕೆ

ಹಳೆಯ ಟಾಕೀಜು, ಪ್ರೊಜೆಕ್ಟರ್ ಮೆಷಿನ್, ರೀಲುಗಳ ಬಗ್ಗೆ ಬಂದ ನಾಲ್ಕು ಪ್ರಶ್ನೆಗಳಿಗೆ ಈ ವಾರ ಉತ್ತರ.

ಪ್ರಶ್ನೆ: ನಮ್ಮ ಮುತ್ಯಾ ಟಾಕೀಜಿನಲ್ಲಿ ಆಪರೇಟರ್ ಆಗಿದ್ದರು. ಈಗ ವಯಸ್ಸು 80 ದಾಟಿದೆ. ಟಿವಿಯಲ್ಲಿ ಹಳೆ ಸಿನಿಮಾ ಬಂದರೆ ನಡುವೆ ಒಮ್ಮೊಮ್ಮೆ "ಚುಕ್ಕಿ ಬಂತು ನೋಡು" ಅಂತ ಕುರ್ಚಿಯಿಂದ ಅರ್ಧ ಎದ್ದುಬಿಡುತ್ತಾರೆ. ನಮಗೆ ಏನೂ ಕಾಣಿಸುವುದಿಲ್ಲ. ಏನದು ಚುಕ್ಕೆ?
ಓದುಗರು, ಶಹಾಬಾದ್

ಉತ್ತರ: ಮೊದಲು ಮುತ್ಯಾ ಅವರಿಗೆ ನನ್ನ ನಮಸ್ಕಾರ ತಿಳಿಸಿ. ಹಾಗೆ ಅರ್ಧ ಏಳುವ ಚಾಳಿ ನನಗೂ ಬಿಟ್ಟಿಲ್ಲ.

ಅದು ಪ್ರೇಕ್ಷಕರಿಗಾಗಿ ಹಾಕಿದ್ದಲ್ಲ, ಆಪರೇಟರ್‌ಗೆಂದೇ ಪ್ರಿಂಟಿನ ಮೇಲೆ ಹಾಕಿದ ಗುರುತು. ತೆರೆಯ ಮೇಲ್ಭಾಗದ ಬಲಮೂಲೆಯಲ್ಲಿ ನಾಲ್ಕೇ ನಾಲ್ಕು ಫ್ರೇಮ್ (ಫಿಲಂನ ಬಿಡಿ ಚಿತ್ರ) ಮಿಂಚಿ ಹೋಗುತ್ತದೆ. ಅಂದರೆ ಸೆಕೆಂಡಿನಲ್ಲಿ ಆರನೇ ಒಂದು ಪಾಲು. ಕಥೆ ನೋಡುವವರಿಗೆ ಅದು ಎಲ್ಲಿ ಕಾಣಬೇಕು?

ಲೆಕ್ಕ ಹೀಗಿದೆ. 35 ಎಂಎಂ ಫಿಲಂನಲ್ಲಿ ಅಡಿಗೆ 16 ಫ್ರೇಮ್. ಸೆಕೆಂಡಿಗೆ 24 ಫ್ರೇಮ್ ಓಡಿದರೆ ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಸಿನಿಮಾ ಅಂದರೆ 13,500 ಅಡಿ, ನಾಲ್ಕು ಕಿಲೋಮೀಟರಿಗೂ ಜಾಸ್ತಿ. ಅಷ್ಟನ್ನೂ ಒಂದೇ ಸುರುಳಿ ಮಾಡಿ ಎತ್ತಿ ಮೆಷಿನ್ನಿಗೆ ಹಾಕಲು ಯಾರಿಂದ ಆಗುತ್ತದೆ? ಅದಕ್ಕೆ 2,000 ಅಡಿಯ ದೊಡ್ಡ ರೀಲುಗಳು. ಒಂದೊಂದೂ ಸುಮಾರು 22 ನಿಮಿಷ. ಕ್ಯಾಬಿನ್‌ನಲ್ಲಿ ಎರಡು ಮೆಷಿನ್. ಒಂದರಲ್ಲಿ ರೀಲು ಓಡುವಾಗ ಇನ್ನೊಂದಕ್ಕೆ ಮುಂದಿನ ರೀಲು ಹಾಕಿ ಕಾಯಬೇಕು.

ರೀಲು ಮುಗಿಯಲು ಸುಮಾರು 8 ಸೆಕೆಂಡ್ ಇದ್ದಾಗ ಮೊದಲ ಚುಕ್ಕೆ: ಎರಡನೇ ಮೆಷಿನ್ನಿನ ಮೋಟರ್ ಚಾಲೂ ಮಾಡು. ಒಂದು ಸೆಕೆಂಡ್ ಉಳಿದಾಗ ಎರಡನೆಯದು: ಈ ಬೆಳಕು ಮುಚ್ಚು, ಆ ಬೆಳಕು ಬಿಡು. ಸರಿಯಾಗಿ ಮಾಡಿದರೆ ಕೆಳಗೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಯಿತು ಅಂದರೆ ಸೀಟಿ ಶುರು!

ಇದರ ಜೊತೆಗೆ ಕಾರ್ಬನ್ ಕಾಟ. ಕ್ಸೆನಾನ್ ದೀಪ ಬರುವ ಮೊದಲು ಬೆಳಕಿಗೆ ಇದ್ದದ್ದು ತಾಮ್ರದ ಲೇಪದ ಎರಡು ಕಾರ್ಬನ್ ಕಡ್ಡಿಗಳು. ಕರೆಂಟ್ ಕೊಟ್ಟು ಎರಡರ ತುದಿ ತಾಗಿಸಿ ತುಸು ಹಿಂದೆ ಸರಿಸಿದರೆ ನಡುವೆ ಕಣ್ಣು ಕುಕ್ಕುವ ಬೆಳಕು ಹತ್ತಿಕೊಳ್ಳುತ್ತದೆ. ಬರಿಗಣ್ಣಿನಿಂದ ನೋಡುವಂತಿಲ್ಲ, ಕಪ್ಪು ಗಾಜಿನ ಕಿಂಡಿಯಿಂದಲೇ ನೋಡಬೇಕು. ಕಡ್ಡಿಗಳು ಉರಿದು ಸವೆದಂತೆ ನಡುವಿನ ಅಂತರ ಹೆಚ್ಚುತ್ತದೆ. ತಿರುಪು ತಿರುಗಿಸಿ ಅವನ್ನು ಹತ್ತಿರ ತರುತ್ತಲೇ ಇರಬೇಕು. ಸ್ವಲ್ಪ ಮರೆತರೂ ತೆರೆ ಮಂಕು, ಹಾಲ್‌ನಿಂದ "ಲೈಟ್, ಲೈಟ್!" ಕೂಗು. ಹೊಗೆ ಹೋಗಲು ಚಾವಣಿಗೆ ಕೊಳವೆ ಇತ್ತು, ಬಿಸಿ ಹೋಗಲು ಏನೂ ಇರಲಿಲ್ಲ. ಮೇ ತಿಂಗಳ ಮ್ಯಾಟಿನಿಯಲ್ಲಿ ಕಲಬುರಗಿಯ ಬಿಸಿಲಿಗೆ ಆ ಕ್ಯಾಬಿನ್ ಹೇಗಿರುತ್ತಿತ್ತು ಅಂತ ಮುತ್ಯಾ ಅವರನ್ನೇ ಕೇಳಿ.

ಒಮ್ಮೆ ನಾನು ಚಹಾ ಕುಡಿಯುತ್ತ ಎರಡೂ ಚುಕ್ಕೆ ತಪ್ಪಿಸಿಕೊಂಡೆ. ರೀಲು ಖಾಲಿ, ತೆರೆ ಬೆಳ್ಳಗೆ. ಕೆಳಗಿನಿಂದ ಬಂದ ಬೈಗುಳದಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ಇದ್ದವು.

ಇನ್ನೊಂದು ಮಾತು. ರೀಲಿನ ತುದಿಗಳೇ ಎಲ್ಲಕ್ಕಿಂತ ಹೆಚ್ಚು ಹಾಳಾಗುವುದು. ಹರಿದಾಗಲೆಲ್ಲ ಕತ್ತರಿಸಿ ಅಂಟಿಸಿದರೆ ನಾಲ್ಕಾರು ಫ್ರೇಮ್ ಹೋಗುತ್ತವೆ. ಅವುಗಳ ಜೊತೆ ಚುಕ್ಕೆಯೂ ಹೋಗುತ್ತದೆ. ಆಗ ಆಪರೇಟರ್‌ಗಳು ಮೊಳೆಯಿಂದ ತಾವೇ ಒಂದು ಗೀರು ಹಾಕುತ್ತಿದ್ದರು. ಮುತ್ಯಾ ಅವರೂ ಗೀಚಿರಬಹುದು, ಕೇಳಿ ನೋಡಿ. ಒಂದೇ ಮೆಷಿನ್ ಇದ್ದ ಟೂರಿಂಗ್ ಟಾಕೀಸಿನಲ್ಲಿ ಮಾತ್ರ ಈ ತಾಪತ್ರಯ ಇರಲಿಲ್ಲ. ರೀಲು ಮುಗಿದರೆ ಲೈಟ್ ಹಾಕಿ, ಮುಂದಿನ ರೀಲು ಏರಿಸುವವರೆಗೆ ಜನ ಶೇಂಗಾ ತಿನ್ನುತ್ತ ಕೂರುತ್ತಿದ್ದರು.

ಪ್ರಶ್ನೆ: ಹಳೆಯ ಮೂಕಿ ಚಿತ್ರಗಳಲ್ಲಿ ಜನ ಯಾಕೆ ಗಡಿಬಿಡಿಯಲ್ಲಿ ಓಡಾಡುತ್ತಾರೆ? ನಗಿಸಲು ಬೇಕಂತಲೇ ಹಾಗೆ ಮಾಡುತ್ತಿದ್ದರಾ?
ವಿದ್ಯಾರ್ಥಿ, ಬೀದರ್

ಉತ್ತರ: ಕೆಲವು ಹಾಸ್ಯ ಚಿತ್ರಗಳಲ್ಲಿ ಬೇಕಂತಲೇ ಮಾಡಿದ್ದುಂಟು. ಉಳಿದಂತೆ ತಪ್ಪು ಚಿತ್ರದ್ದಲ್ಲ, ನಾವು ಓಡಿಸುವ ವೇಗದ್ದು. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಹಿಡಿಕೆ ಒಂದು ಸುತ್ತು ಬಂದರೆ 8 ಫ್ರೇಮ್. ಸೆಕೆಂಡಿಗೆ ಎರಡು ಸುತ್ತು, ಅಂದರೆ 16 ಫ್ರೇಮಿನ ಆಸುಪಾಸು. ಅದನ್ನು 24ರ ವೇಗದಲ್ಲಿ ಓಡಿಸಿದರೆ ನಡೆಯುವವನು ಒಂದೂವರೆ ಪಟ್ಟು ಜೋರಾಗಿ ನಡೆಯದೆ ಇನ್ನೇನು ಮಾಡುತ್ತಾನೆ?

24 ಬಂದದ್ದು ಮಾತಿನ ಜೊತೆ. ನಮ್ಮ ದೇಶದಲ್ಲಿ 'ಆಲಂ ಆರಾ' 1931ರಲ್ಲಿ, ಕನ್ನಡದಲ್ಲಿ 'ಸತಿ ಸುಲೋಚನ' 1934ರಲ್ಲಿ ಮಾತಾಡಿದವು. ಫಿಲಂನ ಅಂಚಿನ ಪಟ್ಟಿಯಲ್ಲಿ ಸೌಂಡ್ ಅಚ್ಚಾದ ಮೇಲೆ ಕೈಯಾಡಿಸಿದಂತೆ ಓಡಿಸುವಂತಿಲ್ಲ. ಚಿತ್ರದ ವೇಗ ಸ್ವಲ್ಪ ಏರುಪೇರಾದರೆ ಕಣ್ಣು ಸಹಿಸುತ್ತದೆ, ಕಿವಿ ಸಹಿಸುವುದಿಲ್ಲ. ತೀರಾ ನಿಧಾನ ಓಡಿದರೆ ಸಣ್ಣ ಸದ್ದುಗಳು ಆ ಪಟ್ಟಿಯಲ್ಲಿ ಹಿಡಿಯುವುದೂ ಇಲ್ಲ.

ಇಲ್ಲೊಂದು ಚಂದದ ಸಂಗತಿ ಇದೆ. ಫಿಲಂ ಗೇಟಿನಲ್ಲಿ, ಅಂದರೆ ಬೆಳಕು ಅದರ ಮೇಲೆ ಬೀಳುವ ಕಿಂಡಿಯಲ್ಲಿ, ನಿಂತು ನಿಂತು ಜಾರುತ್ತದೆ. ಜಾರುವಾಗ ರೆಕ್ಕೆಯಂಥ ಷಟರ್ ಬೆಳಕನ್ನು ಮುಚ್ಚುತ್ತದೆ. ಮೂಕಿ ಕಾಲದ ಷಟರ್‌ಗೆ ಮೂರು ರೆಕ್ಕೆ, ಟಾಕಿ ಕಾಲದ್ದಕ್ಕೆ ಎರಡು. ಒಂದೊಂದು ರೆಕ್ಕೆಯೂ ಪ್ರತಿ ಫ್ರೇಮಿಗೆ ಒಮ್ಮೆ ಬೆಳಕು ಮುಚ್ಚುತ್ತದೆ. ಹದಿನಾರು ಮೂರಲೆ 48, ಇಪ್ಪತ್ನಾಲ್ಕು ಎರಡಲೆ 48. ಬೆಳಕು ಸೆಕೆಂಡಿಗೆ ಅಷ್ಟು ಸಲ ಮಿಣುಕಿದರೆ ಕಣ್ಣಿಗೆ ಮಿಣುಕಾಟ ಅಷ್ಟಾಗಿ ತಿಳಿಯುವುದಿಲ್ಲ.

ಚಿತ್ರ ನಿಂತು ನಿಂತು ಹೋಗಬೇಕು, ಸೌಂಡ್ ಮಾತ್ರ ಒಂದೇ ಸಮ ಹರಿಯಬೇಕು. ಒಂದೇ ಜಾಗದಲ್ಲಿ ಎರಡೂ ಆಗದ ಕೆಲಸ. ಹಾಗಾಗಿ ಸೌಂಡನ್ನು ಅದರ ಚಿತ್ರಕ್ಕಿಂತ 20 ಫ್ರೇಮ್ ಮುಂದೆ ಅಚ್ಚು ಹಾಕಿ, ಮೆಷಿನ್ನಿನಲ್ಲಿ ಗೇಟಿನ ಕೆಳಗೆ ಓದುತ್ತಿದ್ದರು. ನಡುವೆ ಫಿಲಂಗೆ ಬಿಡುವ ಸಡಿಲ ಬಾಗು, ಅಂದರೆ ಲೂಪ್, ಹೆಚ್ಚುಕಡಿಮೆ ಆದರೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಸಿನಿಮಾ ಡಬ್ಬಿಂಗ್ ಸರಿಯಿಲ್ಲ ಅಂತ ಜನ ಬೈದ ಎಷ್ಟೋ ಸಲ ತಪ್ಪು ನಮ್ಮ ಲೂಪಿನದ್ದೇ ಆಗಿತ್ತು.

ಪ್ರಶ್ನೆ: ಹೊಸ ಸಿನಿಮಾದ ಮೊದಲ ಷೋಗೆ ಹೋಗಿದ್ದೆವು. ಒಂದು ಗಂಟೆ ಕಾಯಿಸಿ "ಲೈಸೆನ್ಸ್ ಬಂದಿಲ್ಲ" ಅಂದರು. ಸುಳ್ಳಲ್ವಾ?
ಓದುಗರು, ಯಾದಗಿರಿ

ಉತ್ತರ: ನಿಜವಿರಬಹುದು. ಈಗ ಸಿನಿಮಾ ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಬೀಗ ಹಾಕಿಕೊಂಡೇ ಬರುತ್ತದೆ. ಅದರ ಕೀ ಬೇರೆಯಾಗಿ ಬರುವ ಸಣ್ಣ ಫೈಲು, ಅವರು ಲೈಸೆನ್ಸ್ ಅಂದದ್ದು ಇದಕ್ಕೇ. ಆ ಕೀ ಒಂದು ನಿರ್ದಿಷ್ಟ ಸರ್ವರ್‌ಗೆ, ಇಂಥ ದಿನದ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಮಾತ್ರ ನಡೆಯುತ್ತದೆ. ಮೊದಲು ಒಂದೇ ಪ್ರಿಂಟನ್ನು ಎರಡು ಟಾಕೀಜು ಹಂಚಿಕೊಂಡು, ಮುಗಿದ ರೀಲನ್ನು ಸೈಕಲ್ ಮೇಲೆ ಸಾಗಿಸುತ್ತಿದ್ದ ಕಾಲವಿತ್ತು. ಆಗ ಪಂಕ್ಚರ್ ಆದರೆ ಷೋ ತಡ, ಈಗ ಫೈಲು ಬರದಿದ್ದರೆ ತಡ.

ಪ್ರಶ್ನೆ: ಹಳೆ ಮನೆ ಕೆಡವುವಾಗ ಅಟ್ಟದಲ್ಲಿ ಫಿಲಂ ಡಬ್ಬಿ ಸಿಕ್ಕಿತು. ತೆರೆದರೆ ಸಿರ್ಕಾ ವಾಸನೆ. ಹಳೆ ಫಿಲಂ ತಾನಾಗೇ ಹೊತ್ತಿಕೊಳ್ಳುತ್ತದೆ ಅನ್ನುತ್ತಾರೆ, ಹೆದರಿಕೆ ಆಗಿದೆ.
ಓದುಗರು, ಆಳಂದ

ಉತ್ತರ: ಸಿರ್ಕಾ ವಾಸನೆ ಬಂದರೆ ಅದು ಹೊತ್ತಿಕೊಳ್ಳುವ ಜಾತಿಯದ್ದಲ್ಲ. ಬೆಂಕಿಗೆ ಹೆಸರಾದದ್ದು ನೈಟ್ರೇಟ್ ಫಿಲಂ. ಹೊತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಆರದು. ಅದರ ತಯಾರಿಕೆ 1950ರ ದಶಕದ ಆರಂಭದಲ್ಲೇ ನಿಂತಿತು. ಆಮೇಲೆ ಬಂದದ್ದು ಅಸಿಟೇಟ್. ಅದು ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಕೊಳೆಯುತ್ತದೆ. ಸೆಖೆ, ತೇವ ತಾಗಿದಂತೆ ಒಳಗಿಂದ ಅಸಿಟಿಕ್ ಆಮ್ಲ ಬಿಡುತ್ತದೆ, ಸಿರ್ಕಾದ ಹುಳಿಯೂ ಅದೇ. ಖಾತ್ರಿ ಬೇಕಿದ್ದರೆ ಫಿಲಂನ ಅಂಚನ್ನು ಬೆಳಕಿಗೆ ಹಿಡಿದು ನೋಡಿ, 'ಸೇಫ್ಟಿ' ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ತುಂಡು ಕತ್ತರಿಸಿ ಕಡ್ಡಿ ಗೀರಿ ಮಾತ್ರ ಪರೀಕ್ಷೆ ಮಾಡಬೇಡಿ.

ಪ್ಲಾಸ್ಟಿಕ್ ಚೀಲದಲ್ಲಿದ್ದರೆ ಮೊದಲು ಹೊರಗೆ ತೆಗೆಯಿರಿ, ಗಾಳಿ ಆಡಲಿ. ಪತ್ರಾಸಿನ ಕೆಳಗೆ, ಅಟ್ಟದ ಮೇಲೆ ಬೇಡ. ನೆಲಮಟ್ಟದ ತಂಪು ಕೋಣೆ ಚಲೋ. ಬೇರೆ ಫಿಲಂ ಇದ್ದರೆ ಇದರಿಂದ ದೂರ ಇಡಿ, ಈ ಆಮ್ಲ ಪಕ್ಕದ ಡಬ್ಬಿಗೂ ಹತ್ತುತ್ತದೆ. ಸುರುಳಿ ಬಿಚ್ಚಲು ಹೋಗಬೇಡಿ, ಮುರಿಯುತ್ತದೆ.

ಗುಜರಿಗೆ ಹಾಕುವ ಮೊದಲು 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಒಂದು ಪತ್ರ ಬರೆಯಿರಿ. 'ಆಲಂ ಆರಾ' ಆಗಲಿ 'ಸತಿ ಸುಲೋಚನ' ಆಗಲಿ, ಒಂದು ಪ್ರಿಂಟೂ ಇವತ್ತು ಉಳಿದಿಲ್ಲ. ಕಪ್ಪು-ಬಿಳುಪು ಫಿಲಂನಲ್ಲಿ ಬೆಳ್ಳಿ ಇರುತ್ತದೆ, ಅದಕ್ಕಾಗಿಯೇ ಎಷ್ಟೋ ಸಿನಿಮಾಗಳನ್ನು ಕರಗಿಸಿದರು. ನಿಮ್ಮದು ಯಾವ ಸಿನಿಮಾದ ಎಷ್ಟನೇ ರೀಲು ಅಂತ ಡಬ್ಬಿಯ ಚೀಟಿ ಹೇಳಬಹುದು. ಪತ್ರದ ಜೊತೆ ಅದರ ಫೋಟೊ ಕಳಿಸಿ. ಚೀಟಿ ಎಷ್ಟೇ ಹರಿದಿದ್ದರೂ ಕಿತ್ತು ಎಸೆಯಬೇಡಿ.